ಹಿತ್ತಲಲ್ಲೊಂದು ದೋಣಿ ಕಟ್ಟಿದರೆ ತಪ್ಪೇನು?

ನಮ್ಮ ಕಡೆ ಹುಡುಗನೊಬ್ಬ ಸಾಲ ಮಾಡಿ ಒಂದೂವರೆ ಲಕ್ಷದ ಬೈಕು ತಂದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅದೇ ಹುಡುಗ ಅಂಗಳದಲ್ಲಿ ಎರಡು ಪ್ಲೈವುಡ್ ಹಾಳೆ ಒರಗಿಸಿಟ್ಟು "ದೋಣಿ ಕಟ್ತೇನೆ" ಅಂದರೆ ಕೇರಿಗೆ ಕೇರಿಯೇ ಬಂದು ನಿಲ್ಲುತ್ತದೆ. ಮೀನು ಹಿಡಿಯಲಿಕ್ಕಾ? ಮರಳಿಗಾ? ಟೂರಿಸ್ಟರನ್ನು ಕೂರಿಸಲಿಕ್ಕಾ? "ಎಂತಕ್ಕೂ ಅಲ್ಲ, ಸುಮ್ಮನೆ" ಅಂದನೋ, ಅವನಿಗೆ ಕೆಲಸ ಇಲ್ಲ ಅಂತ ತೀರ್ಮಾನವಾಗುತ್ತದೆ.

ನಾನು ಈ 'ಸುಮ್ಮನೆ'ಯ ಪರವಾಗಿ ಬರೆಯಲು ಕೂತಿದ್ದೇನೆ. ಹೊಳೆ, ಹಿನ್ನೀರು, ಅಳಿವೆ ಪಕ್ಕದಲ್ಲಿ ಮನೆ ಇರುವವರು, ಕೈಯಲ್ಲಿ ಸ್ವಲ್ಪ ಬಿಡುವು ಇರುವವರು, ಒಂದು ಸಣ್ಣ ಮರದ ದೋಣಿಯನ್ನು ತಾವೇ ಕಟ್ಟಿಕೊಳ್ಳಬೇಕು. ವ್ಯಾಪಾರಕ್ಕಲ್ಲ, ರೀಲ್ಸ್‌ಗೂ ಅಲ್ಲ. ಹೊಳೆಯ ಮೇಲೆ ನಮ್ಮೂರಿನವರು ಯಾರಾದರೂ ಇರಬೇಕು ಅನ್ನುವುದಕ್ಕೆ.

ಈಗ ಯಾರೂ ಇಲ್ಲ. ನಿಮ್ಮೂರಿನ ಹೊಳೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಮೀನು ಹಿಡಿದು ಬದುಕುವ ನಾಲ್ಕು ಮನೆಯವರನ್ನು ಬಿಟ್ಟರೆ ಕಳೆದ ಒಂದು ವರ್ಷದಲ್ಲಿ ನೀರಿನ ಮೇಲೆ ಹೋದವರು ಯಾರು? ದಡದಿಂದ ನೋಡಿದವರು, ಸೇತುವೆಯಿಂದ ನೋಡಿದವರು ಬೇಕಾದಷ್ಟು ಜನ ಸಿಗುತ್ತಾರೆ. ಮಧ್ಯೆ ಹೋಗಿ ನಿಂತು ನಮ್ಮ ಊರನ್ನು ಆ ಕಡೆಯಿಂದ ನೋಡಿದವರು ಸಿಗುವುದಿಲ್ಲ.

ಸೇತುವೆ ಬೇಡ ಅಂತ ಹೇಳುತ್ತಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಸಾಗರದ ಕಡೆಯ ಓದುಗರು ನನ್ನನ್ನು ಬಿಡುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಆಣೆಕಟ್ಟು ಆದಮೇಲೆ ಶರಾವತಿ ಹಿನ್ನೀರಿನ ಆಚೆ ಉಳಿದ ಹಳ್ಳಿಗಳು ಲಾಂಚಿಗೆ ಕಾದು ಕಾದು ಅರವತ್ತು ವರ್ಷ ಕಳೆದವು. ಬಸುರಿಯರು, ಹಾವು ಕಚ್ಚಿದವರು, ಪರೀಕ್ಷೆಗೆ ಹೊರಟ ಮಕ್ಕಳು ಎಲ್ಲರಿಗೂ ಲಾಂಚಿನ ಟೈಮೇ ಟೈಮು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆದಾಗ ಅಲ್ಲಿನವರಿಗೆ ಆದ ಸಂತೋಷ ದಡದ ಈಚೆ ಕೂತು ಕವಿತೆ ಬರೆಯುವವರಿಗೆ ಅರ್ಥವಾಗುವಂಥದ್ದಲ್ಲ. ಲಾಂಚಿನಲ್ಲಿ ಫೋಟೋ ತೆಗೆದುಕೊಂಡು ಬಂದವರು "ಅಯ್ಯೋ, ಆ ಚಂದ ಹೋಯ್ತಲ್ಲ" ಅಂದರೆ ನನಗೂ ಸಿಟ್ಟೇ ಬರುತ್ತದೆ.

ಆದರೆ ಸೇತುವೆಯ ಉದ್ದ 2.44 ಕಿಲೋಮೀಟರ್. ಬೈಕಿನಲ್ಲಿ ಅರವತ್ತರ ಸ್ಪೀಡಿನಲ್ಲಿ ಹೋದರೆ ಎರಡೂವರೆ ನಿಮಿಷ. ದಾಟುವುದಕ್ಕೆ ಅಷ್ಟು ಸಾಕು, ನೀರನ್ನು ತಿಳಿಯುವುದಕ್ಕೆ ಸಾಲದು. ನಮ್ಮ ಕರಾವಳಿಯಲ್ಲಂತೂ ಈ ಬದಲಾವಣೆ ಎಷ್ಟೋ ಮೊದಲೇ ಆಗಿದೆ. ಒಂದೊಂದೇ ಹೊಳೆಗೆ ಸೇತುವೆ ಬಂತು, ಕಡವು ನಿಂತಿತು, ಕಡವಿಗೆ ಇಳಿಯುವ ಮೆಟ್ಟಿಲ ಮೇಲೆ ಪೊದೆ ಬೆಳೆಯಿತು. ಮನೆಯ ಎದುರುಬದಿ ಇದ್ದ ಹೊಳೆ ಹಿಂಬದಿಯಾಯಿತು. ಹಿಂಬದಿಗೆ ನಾವು ಏನು ಮಾಡುತ್ತೇವೆ ಅಂತ ನಿಮಗೂ ಗೊತ್ತು. ಕೋಳಿ ಅಂಗಡಿಯ ಚೀಲ ಸೇತುವೆಯ ನಡುವಿನಿಂದ ಕೆಳಗೆ ಬೀಳುವುದು ರಾತ್ರಿ. ಬಿದ್ದ ಚೀಲ ಹೋಗಿ ಕಾಂಡ್ಲಾ ಗಿಡದ ಬೇರಿಗೆ ಸಿಕ್ಕಿಕೊಳ್ಳುವುದು ದಡಕ್ಕೆ ಕಾಣದ ಜಾಗದಲ್ಲಿ. ಅದನ್ನು ನೋಡಬೇಕಾದರೆ ದೋಣಿಯಲ್ಲೇ ಹೋಗಬೇಕು.

ಮರಳೂ ಹಾಗೆಯೇ. ನಾವು ಪತ್ರಿಕೋದ್ಯಮ ಓದಿದವರು ಮರಳಿನ ಸುದ್ದಿ ಬರೆಯುವುದು ಲಾರಿ ಹಿಡಿದ ಮೇಲೆ, ಠಾಣೆಯ ಎದುರು ನಿಂತು. ಹೊಳೆಯ ಯಾವ ಮಗ್ಗುಲಲ್ಲಿ ದಡ ಕುಸಿದಿದೆ, ಹೋದ ವರ್ಷ ಮೊಣಕಾಲುದ್ದ ಇದ್ದ ಜಾಗ ಈ ವರ್ಷ ಆಳಾಳು ಆಗಿದೆಯೇ, ಇದನ್ನು ಹೇಳಬಲ್ಲವನು ಜಲ್ಲೆ ಹಾಕಿ ದೋಣಿ ನೂಕುವವನು. ಅವನ ಜಲ್ಲೆಯೇ ಅವನ ಅಳತೆಗೋಲು. ಅಂಥವರು ಊರಿಗೊಬ್ಬರೋ ಇಬ್ಬರೋ ಉಳಿದಿದ್ದಾರೆ, ಅವರ ವಯಸ್ಸು ಎಪ್ಪತ್ತರ ಮೇಲೆ.

ಇನ್ನೊಂದು ಮಾತು. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಕತ್ತಲಲ್ಲಿ ಆ ಚಾಲಕನನ್ನು ಜೀವಸಹಿತ ದಡಕ್ಕೆ ತರುವುದರಲ್ಲಿ ಕೈ ಹಾಕಿದವರು ಅಲ್ಲಿನ ಮೀನುಗಾರರು, ಅವರ ದೋಣಿ. ಮಳೆಗಾಲದಲ್ಲಿ ನೆರೆ ಬಂದಾಗಲೂ ನಾವು ಹುಡುಕುವುದು ಅವರನ್ನೇ. ನೀರಿನ ಪಕ್ಕದ ಊರಿನಲ್ಲಿ ದೋಣಿ ನಡೆಸಬಲ್ಲವರು ನಾಲ್ಕೇ ಮನೆಯವರಾದರೆ ಆಪತ್ತಿನ ದಿನ ಊರಿಗೆಲ್ಲ ಆ ನಾಲ್ಕೇ ಮನೆ.

ಸರಿ, ದೋಣಿ ಬೇಕು ಅಂತ ಇಟ್ಟುಕೊಳ್ಳೋಣ. ಕೊಂಡರಾಗದೇ, ಕಟ್ಟುವುದೇಕೆ? ಅದಕ್ಕೆ ಎರಡು ಹೊರದೇಶದ ಕಥೆ ಹೇಳುತ್ತೇನೆ. ಎರಡೂ ನಡೆದದ್ದು.

1947ರಲ್ಲಿ ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್ ಅನ್ನುವ ಸಮುದ್ರತೀರದ ಊರಿನಲ್ಲಿ ಕ್ಲಿಫರ್ಡ್ ಮೆಕೇ ಎಂಬಾತನಿಗೆ ಒಂದು ಆಸೆ ಬಂತು. ಮಕ್ಕಳು ಡಬ್ಬಿಗೆ ಚಕ್ರ ಹಾಕಿ ಇಳಿಜಾರಿನಲ್ಲಿ ರೇಸು ಬಿಡುವ ಆಟ ಅಲ್ಲಿ ಜನಪ್ರಿಯ. ನೀರಿನ ಪಕ್ಕದ ಊರು ನಮ್ಮದು, ನೀರಿನ ಮೇಲೂ ಅಂಥದ್ದೊಂದು ಆಟ ಇರಬಾರದೇಕೆ? ಊರಿನ ದೋಣಿ ಕಟ್ಟುವವ ಕ್ಲಾರ್ಕ್ ಮಿಲ್ಸ್‌ಗೆ ಹೇಳಿದ. ಷರತ್ತು ಇಷ್ಟೇ: ಐವತ್ತು ಡಾಲರಿನೊಳಗೆ ಆಗಬೇಕು, ಅಪ್ಪ–ಮಕ್ಕಳು ಸೇರಿ ಮನೆಯಲ್ಲೇ ಕಟ್ಟುವಂತಿರಬೇಕು. ಮಿಲ್ಸ್ ಅಂಗಡಿಯಲ್ಲಿ ಸಿಗುವ ಎಂಟಡಿ–ನಾಲ್ಕಡಿಯ ಪ್ಲೈವುಡ್ ಹಾಳೆ ಎರಡನ್ನು ಲೆಕ್ಕಕ್ಕಿಟ್ಟುಕೊಂಡು ದೋಣಿ ಬರೆದ. ಮೂತಿ ಚೂಪಾಗಿ ಎಳೆಯಲು ಹಾಳೆ ಸಾಲದು. ಹಾಗಾಗಿ ಮೂತಿಯನ್ನು ಮೊಂಡಾಗಿ ಕತ್ತರಿಸಿಬಿಟ್ಟ. ನೋಡಲಿಕ್ಕೆ ಸ್ನಾನದ ತೊಟ್ಟಿಯ ಹಾಗೆ. 'ಆಪ್ಟಿಮಿಸ್ಟ್' ಅಂತ ಹೆಸರು. ಇವತ್ತು ಜಗತ್ತಿನಲ್ಲಿ ಮಕ್ಕಳು ಹಾಯಿ ಕಲಿಯುವುದು ಹೆಚ್ಚಾಗಿ ಆ ಮೊಂಡುಮೂತಿಯ ದೋಣಿಯಲ್ಲೇ. ನೋಂದಾಯಿತವಾದವೇ ಒಂದೂವರೆ ಲಕ್ಷದ ಮೇಲಿವೆ.

ಎರಡನೆಯದು ನಮ್ಮ ವೃತ್ತಿಯವರಿಗೆ ಸಂಬಂಧಪಟ್ಟದ್ದು. 1963ರಲ್ಲಿ ಇಂಗ್ಲೆಂಡಿನಲ್ಲಿ ಡೈಲಿ ಮಿರರ್ ಅನ್ನುವ ದಿನಪತ್ರಿಕೆ, ಕೂಲಿ–ನೌಕರಿ ಮಾಡುವವರು ಹೆಚ್ಚಾಗಿ ಓದುವ ಪತ್ರಿಕೆ, ಒಂದು ದೋಣಿಯ ಬೆನ್ನಿಗೆ ನಿಂತಿತು. ಅಲ್ಲಿಯವರೆಗೆ ಹಾಯಿದೋಣಿ ಅಂದರೆ ಕ್ಲಬ್ಬಿನವರ ಸೊತ್ತು. ಟಿವಿಯಲ್ಲಿ ಮನೆ ರಿಪೇರಿ ಕಲಿಸುತ್ತಿದ್ದ ಬ್ಯಾರಿ ಬಕ್ನೆಲ್, ದೋಣಿ ವಿನ್ಯಾಸಕಾರ ಜಾಕ್ ಹೋಲ್ಟ್ ಇಬ್ಬರೂ ಸೇರಿ ಹನ್ನೊಂದು ಅಡಿಗೆ ಎರಡಿಂಚು ಕಮ್ಮಿ ಉದ್ದದ ದೋಣಿ ಮಾಡಿದರು. ಹಲಗೆ, ಅಂಟು, ಹಾಯಿ ಎಲ್ಲ ಕಟ್ಟಿ ಒಂದು ಪೊಟ್ಟಣ. ಬೆಲೆ 63 ಪೌಂಡ್ 11 ಶಿಲಿಂಗ್. ಪತ್ರಿಕೆಯ ಬಣ್ಣ ಕೆಂಪು, ಆದ್ದರಿಂದ ಹಾಯಿಯೂ ಕೆಂಪು. ಕಾರು ನಿಲ್ಲಿಸುವ ಶೆಡ್ಡಿನಲ್ಲಿ, ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಜನ ಕಟ್ಟಿದರು. ಈವರೆಗೆ 70,000ಕ್ಕೂ ಹೆಚ್ಚು ಆಗಿವೆ. ಎ.ಜೆ. ಮ್ಯಾಕಿನನ್ ಅನ್ನುವ ಮೇಷ್ಟ್ರೊಬ್ಬರು ಅಂಥದ್ದೇ ಒಂದರಲ್ಲಿ ಇಂಗ್ಲೆಂಡಿನಿಂದ ಹೊರಟು ನದಿ, ಕಾಲುವೆ ದಾಟಿ ಕಪ್ಪು ಸಮುದ್ರದವರೆಗೂ ಹೋದರು.

ಈ ದೋಣಿಯ ಕಟ್ಟುವ ವಿಧಾನ ನೋಡಿ. ಪ್ಲೈವುಡ್ ಹಲಗೆಗಳ ಅಂಚಿನಲ್ಲಿ ಸಾಲಾಗಿ ತೂತು ಕೊರೆಯುವುದು, ತಾಮ್ರದ ತಂತಿ ಪೋಣಿಸಿ ಎರಡು ಹಲಗೆಯನ್ನು ಹೊಲಿಯುವುದು, ಒಳಗಿನಿಂದ ಸಂದಿಗೆ ಅಂಟು ಮತ್ತು ಫೈಬರ್ ಪಟ್ಟಿ ಹಾಕುವುದು. ಹೊಲಿ, ಅಂಟಿಸು. ಮುಗಿಯಿತು.

ಹೊಲಿದ ದೋಣಿ! ಇದನ್ನು ಓದಿದಾಗ ನನಗೆ ನಗು ಬಂತು. ಇಂಗ್ಲೆಂಡಿನವರು 1963ರಲ್ಲಿ ತಾಮ್ರದ ತಂತಿಯಲ್ಲಿ ಮಾಡಿದ್ದನ್ನು ಅರಬ್ಬೀ ಸಮುದ್ರದ ಈ ದಡದಲ್ಲಿ ತೆಂಗಿನ ನಾರಿನ ಹುರಿಯಲ್ಲಿ ಶತಮಾನಗಳಿಂದ ಮಾಡಿಕೊಂಡು ಬಂದಿದ್ದರು. ಹದಿನಾಲ್ಕನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದುಹೋದ ಪ್ರವಾಸಿ ಇಬ್ನ್ ಬತೂತ ಇದರ ಕಾರಣವನ್ನೂ ಬರೆದಿಟ್ಟಿದ್ದಾನೆ: ಈ ಸಮುದ್ರದಲ್ಲಿ ಬಂಡೆ ಜಾಸ್ತಿ, ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆದುಹೋಗುತ್ತದೆ, ಹಗ್ಗದಲ್ಲಿ ಹೊಲಿದದ್ದು ಬಳುಕಿಕೊಂಡು ಉಳಿಯುತ್ತದೆ. 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದ 'ಕೌಂಡಿನ್ಯ' ಹಡಗು ಇಂಥದ್ದೇ. ಅಜಂತಾ ಗುಹೆಯ ಐದನೇ ಶತಮಾನದ ಚಿತ್ರದಲ್ಲಿರುವ ಹಡಗನ್ನು ನೋಡಿ, ಮೊಳೆ ಇಲ್ಲದೆ ನಾರಿನ ಹಗ್ಗದಲ್ಲಿ ಹೊಲಿದು ಗೋವಾದಲ್ಲಿ ಕಟ್ಟಿದ್ದು. ಕಟ್ಟಿದವರು ಬಾಬು ಶಂಕರನ್ ಅವರ ನೇತೃತ್ವದ ಕೇರಳದ ಬಡಗಿಗಳು. ಆ ಸುದ್ದಿಯನ್ನು ನಾವೆಲ್ಲ ಶೇರ್ ಮಾಡಿದೆವು, ಹೆಮ್ಮೆಪಟ್ಟೆವು. ಹಡಗು ಬಂದು ನಿಂತದ್ದು ನಮ್ಮ ಕಾರವಾರದಲ್ಲಿ, ಹೊಲಿಯಲು ಗೊತ್ತಿದ್ದ ಕೈಗಳಿಗೆ ಮಾತ್ರ ಕೇರಳದವರೆಗೆ ಹೋಗಬೇಕಾಯಿತು. ನಮ್ಮಲ್ಲಿ ದೋಣಿ ಬಡಗಿಗಳು ಇನ್ನೂ ಇದ್ದಾರೆ. ಅವರ ಹತ್ತಿರ ಕಲಿಯಲು ಕೂತವರು ಎಷ್ಟು ಜನ?

ಬಯಲುಸೀಮೆಯ ಓದುಗರು ಇದು ನಮಗಲ್ಲ ಅಂದುಕೊಳ್ಳಬೇಡಿ. ತುಂಗಭದ್ರೆಯ ಹರಿಗೋಲು ನಿಮ್ಮದು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ವಿಜಯನಗರಕ್ಕೆ ಬಂದಾಗ ಬುಟ್ಟಿಯ ಹಾಗೆ ದುಂಡಗಿನ, ಒಳಗೆ ಬೆತ್ತ ಹೊರಗೆ ಚರ್ಮದ ದೋಣಿಯಲ್ಲಿ ಜನ ಹೊಳೆ ದಾಟುವುದನ್ನು ಬರೆದ. ಐನೂರು ವರ್ಷವಾದರೂ ಆಕಾರ ಬದಲಾಗಿಲ್ಲ. ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದಿದೆ, ಅಷ್ಟೇ. ಬಿದಿರು ಸೀಳಲು, ಹೆಣೆಯಲು ಬರುವವರು ಊರಲ್ಲಿದ್ದರೆ ಪ್ಲೈವುಡ್ಡಿನ ಗೊಡವೆಯೇ ನಿಮಗೆ ಬೇಡ.

ಇಲ್ಲಿ ಮೀನುಗಾರರ ಮೇಲೆ ಒಂದು ಆರೋಪ ಕೇಳಿಬರುತ್ತದೆ. ಅವರೇ ಮರ ಬಿಟ್ಟು ಫೈಬರ್ ದೋಣಿಗೆ ಹೋದರು, ಹಾಗಾಗಿ ಕಸುಬು ಸತ್ತಿತು ಅಂತ. ಇದು ಅನ್ಯಾಯದ ಮಾತು. ಒಂದೇ ಮರ ಕೊರೆದು ಮಾಡುವ ದೋಣಿಗೆ ಎಂಥ ಮಾವಿನ ಮರ ಬೇಕು ಯೋಚಿಸಿ. ಅಂಥ ಮರ ಈಗ ಎಲ್ಲಿದೆ, ಇದ್ದರೂ ಕಡಿಯಬೇಕೇ? ಮರದ ದೋಣಿಗೆ ವರ್ಷ ವರ್ಷ ಸಂದಿಗೆ ನಾರು ತುರುಕಬೇಕು, ಗೇರುಬೀಜದ ಸಿಪ್ಪೆಯ ಎಣ್ಣೆಯೋ ಮೀನೆಣ್ಣೆಯೋ ಬಳಿಯಬೇಕು. ಉಪ್ಪುನೀರಿನಲ್ಲಿ ಬಿಟ್ಟರೆ ಮರ ಕೊರೆಯುವ ಹುಳ ತಿಂದುಹಾಕುತ್ತದೆ. (ಹುಳ ಅಂತ ನಾವು ಕರೆಯುವುದು, ನಿಜಕ್ಕೂ ಅದು ಚಿಪ್ಪಿಯ ಜಾತಿಗೆ ಸೇರಿದ ಜೀವಿ, ಅಳಿವೆಯಲ್ಲಿ ಹೆಂಗಸರು ಆರಿಸುವ ಬಳಚಿನ ದೂರದ ನೆಂಟ.) ದಿನದ ಮೀನಿನಿಂದ ದಿನದ ಅಕ್ಕಿ ತರುವವರಿಗೆ ಈ ಚಾಕರಿ ಮಾಡಿ ಕಸುಬು ಉಳಿಸಿ ಅಂತ ಹೇಳಲು ನಾವ್ಯಾರು? ಅವರು ಫೈಬರ್ ಆರಿಸಿದ್ದು ಸರಿಯಾಗಿಯೇ ಇದೆ.

ಹಾಗಾದರೆ ಮರದ ಕೆಲಸ ಉಳಿಯುವುದು ಎಲ್ಲಿ? ಹೊಟ್ಟೆಪಾಡಿಗೆ ಅದನ್ನು ನೆಚ್ಚಿಕೊಳ್ಳದವರ ಹತ್ತಿರ. ನಷ್ಟವಾದರೂ ಪರವಾಗಿಲ್ಲ ಅನ್ನುವವರ ಹತ್ತಿರ. ಎಂದರೆ ನನ್ನಂಥ, ನಿಮ್ಮಂಥ ಹವ್ಯಾಸಿಗಳ ಹತ್ತಿರ. ಹಾರ್ಮೋನಿಯಂ ನಾಟಕ ಕಂಪನಿ ಮುಚ್ಚಿದ ಮೇಲೂ ಭಜನೆಯವರ ಮನೆಯಲ್ಲಿ ಉಳಿಯಿತಲ್ಲ, ಹಾಗೆ.

"ಹವ್ಯಾಸ ಹೊಟ್ಟೆ ತುಂಬಿದವರ ಮಾತು" ಅನ್ನುವ ಆಕ್ಷೇಪ ಬರುತ್ತದೆ ಅಂತ ಗೊತ್ತು. ಅರ್ಧ ಒಪ್ಪುತ್ತೇನೆ. ಆದರೆ ನಮ್ಮೂರಿನವರು ಹವ್ಯಾಸಕ್ಕೆ ಖರ್ಚು ಮಾಡುವುದೇ ಇಲ್ಲವೇ? ರಾತ್ರಿಯಿಡೀ ಆಟ ನೋಡುತ್ತೇವೆ, ಲೈಟು ಹಾಕಿ ವಾಲಿಬಾಲ್ ಟೂರ್ನಮೆಂಟ್ ಮಾಡುತ್ತೇವೆ, ಕ್ರಿಕೆಟ್ ತಂಡಕ್ಕೆ ಹೆಸರು ಬರೆಸಿದ ಟೀ–ಶರ್ಟ್ ಹೊಲಿಸುತ್ತೇವೆ. ಅದಕ್ಕೆಲ್ಲ ಯಾರೂ ಲೆಕ್ಕ ಕೇಳುವುದಿಲ್ಲ. ಉಳಿ ಹಿಡಿದು ಮರ ಕೆತ್ತಿದರೆ ಮಾತ್ರ ಕೇಳುತ್ತಾರೆ.

ಯಾಕೆ ಅಂದರೆ, ನೇರವಾಗಿ ಹೇಳಬೇಕೆಂದರೆ, ಜಾತಿ. ಮರಗೆಲಸ ಆಚಾರಿಗಳದ್ದು, ದೋಣಿ ಅಂಬಿಗರದ್ದು, ಖಾರ್ವಿಗಳದ್ದು, ಮೊಗೇರರದ್ದು ಅಂತ ನಾವು ಹಂಚಿಟ್ಟುಬಿಟ್ಟಿದ್ದೇವೆ. ಹಂಚಿಟ್ಟದ್ದು ಮಾತ್ರವಲ್ಲ, ಕೀಳು ಅಂತಲೂ ಅಂದುಕೊಂಡಿದ್ದೇವೆ. ಆ ಮನೆಯ ಮಕ್ಕಳು ಓದಿ ಬೆಂಗಳೂರಿಗೆ ಹೋದರೆ "ಕಸುಬು ಬಿಟ್ಟರು" ಅಂತ ಕೊರಗುವವರು ಬೇರೆ ಮನೆಯವರು; ಅವರ ಮಕ್ಕಳಿಗೆ ಆ ಕಸುಬು ಕಲಿಸುವುದಿಲ್ಲ. ಪ್ರತಿ ವರ್ಷ ಜನವರಿ 21ರಂದು ಸರ್ಕಾರಿ ಕಚೇರಿಗಳಲ್ಲಿ ಅಂಬಿಗರ ಚೌಡಯ್ಯನವರ ಫೋಟೋಕ್ಕೆ ಹೂವು ಹಾಕುತ್ತೇವೆ. ಹೂವು ಹಾಕುವ ಕೈಗೆ ಹುಟ್ಟು ಹಿಡಿಯಲು ಬರುತ್ತದೆಯೇ ಅಂತ ಯಾರೂ ಕೇಳಿಲ್ಲ. ಬೇರೆ ಬೇರೆ ಮನೆಯ ಹುಡುಗ–ಹುಡುಗಿಯರು ಒಬ್ಬ ದೋಣಿ ಬಡಗಿಯನ್ನು ಗುರು ಅಂತ ಕೂರಿಸಿಕೊಂಡು, ದಿನದ ಸಂಬಳ ಕೊಟ್ಟು, ಅವರು ಹೇಳಿದ ಹಾಗೆ ಕೀಸುಳಿ ತಳ್ಳಿದರೆ ಆ ಅಂಗಳದಲ್ಲಿ ದೋಣಿಗಿಂತ ದೊಡ್ಡದೇನೋ ಆಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಹುಡುಗಿಯರು ಅಂತ ಬೇಕೆಂದೇ ಬರೆದೆ. ಇಳಿತದ ಹೊತ್ತು ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಆರಿಸುವವರಲ್ಲಿ ಹೆಂಗಸರೇ ಬಹಳ, ದೋಣಿ ಮಾತ್ರ ಗಂಡಸರದ್ದು. ಇದು ಯಾವ ನ್ಯಾಯ?

ಈಗ ಕೆಲಸದ ಮಾತು. ಮೊದಲ ದೋಣಿಗೆ ಯಾವ ಮರವನ್ನೂ ಕಡಿಯಬೇಡಿ. ಕಡಿಯುವುದಕ್ಕೆ ಅರಣ್ಯ ಇಲಾಖೆಯಲ್ಲಿ ಕೇಳಬೇಕಾಗುತ್ತದೆ ಅನ್ನುವುದು ಒಂದು, ಹಸಿ ಮರ ಒಣಗಿ ಬಿರುಕು ಬಿಡುವುದು ಇನ್ನೊಂದು. ಮರೈನ್ ಪ್ಲೈವುಡ್ ಸಾಕು. ಹಾಳೆಯ ಮೇಲೆ ಐಎಸ್ 710 ಅನ್ನುವ ಮುದ್ರೆ ನೋಡಿ ತನ್ನಿ. ಐಎಸ್ 303 ಎಂದಿದ್ದರೆ ಅದು ಕಪಾಟಿಗೆ. 710ರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿ ಹಾಕಿ ಪರೀಕ್ಷೆ ಮಾಡಿರುತ್ತಾರೆ. ಅಂಗಡಿಯವರು "ಎರಡೂ ಒಂದೇ, ತಕೊಳ್ಳಿ" ಅಂದರೆ ಒಪ್ಪಬೇಡಿ.

ಆರು ಮಿಲಿಮೀಟರಿನ ಎರಡು ಹಾಳೆ ಸಾಕಾಗುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ಒಂದು ಹಾಳೆಯಿಂದ ಏಳು ಅಡಿ ಉದ್ದ, ಮೂರು ಅಡಿ ಅಗಲದ ತಳ. ಇನ್ನೊಂದು ಹಾಳೆಯನ್ನು ಉದ್ದಕ್ಕೆ ಹದಿನಾರು ಹದಿನಾರು ಇಂಚಿನ ಮೂರು ಪಟ್ಟಿ ಮಾಡಿದರೆ ಎರಡು ಪಕ್ಕಗಳು ಆದವು. ಉಳಿದ ಒಂದು ಪಟ್ಟಿಯಲ್ಲಿ ಮುಂದಿನ ಹಲಗೆ, ಹಿಂದಿನ ಹಲಗೆ, ಕೂರುವುದಕ್ಕೊಂದು ತುಂಡು. ಕೂರುವ ತುಂಡಿನ ಅಡಿಗೆ ರೀಪು ಕೊಡಬೇಕು, ಪಕ್ಕದ ಹಲಗೆಯ ಮೇಲಂಚಿಗೂ ಉದ್ದಕ್ಕೆ ರೀಪು ಬೇಕು, ಇಲ್ಲವಾದರೆ ಬಳುಕುತ್ತದೆ.

ಇದು ಎಷ್ಟು ಭಾರ ಹೊರುತ್ತದೆ? ಹೈಸ್ಕೂಲಿನಲ್ಲಿ ಓದಿದ ಆರ್ಕಿಮಿಡೀಸ್ ಇಲ್ಲಿ ಕೆಲಸಕ್ಕೆ ಬರುತ್ತಾನೆ. ತಳ 21 ಚದರ ಅಡಿ. ಅದು ನಾಲ್ಕು ಇಂಚು ಮುಳುಗಿದರೆ 7 ಘನ ಅಡಿ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಒಂದು ಘನ ಅಡಿ ನೀರು ಸುಮಾರು 28 ಕೆ.ಜಿ. ಏಳು ಇಪ್ಪತ್ತೆಂಟು 196. ಎಂದರೆ ದೋಣಿಯ ತೂಕ ನಲವತ್ತು ಕೆ.ಜಿ. ಅಂತ ಹಿಡಿದರೂ ಇಬ್ಬರು ಕೂರಬಹುದು. ಮುಂದೆ ಸಪೂರ ಆಗುವುದರಿಂದ ನಾಲ್ಕಿಂಚು ಅಂದದ್ದು ಐದೋ ಆರೋ ಆಗುತ್ತದೆ. ಹದಿನಾರು ಇಂಚಿನ ಪಕ್ಕದಲ್ಲಿ ಆರು ಹೋದರೆ ಹತ್ತು ಇಂಚು ನೀರಿನ ಮೇಲೆ ಉಳಿಯಿತು. ಸಮಾಧಾನದ ಹೊಳೆಗೆ ಸಾಕು, ಸಮುದ್ರಕ್ಕೆ ಖಂಡಿತ ಸಾಲದು. ನಾನು ಹೇಳಿದ್ದು ಅಂದಾಜಿನ ಲೆಕ್ಕ. ಕತ್ತರಿಸುವ ಮೊದಲು ಪರೀಕ್ಷೆಯಾದ ಒಂದು ನಕ್ಷೆ ಇಟ್ಟುಕೊಳ್ಳಿ, ಅಥವಾ ದೋಣಿ ಬಡಗಿಯೊಬ್ಬರಿಗೆ ತೋರಿಸಿ. ರಟ್ಟಿನಲ್ಲಿ ಒಂದು ಮೊಳದ ಮಾದರಿ ಮಾಡಿ ಅಂಟಿಸಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪಾಠ.

ಹೊಲಿಗೆಗೆ ಗೇಣಿಗೊಂದು ತೂತು. ಹಳೆಯ ವಯರಿನ ಒಳಗಿನ ತಾಮ್ರದ ತಂತಿ ನಡೆಯುತ್ತದೆ. ನಾಲ್ಕೂ ಕಡೆ ತಂತಿ ಬಿಗಿದು ತಿರುಚುತ್ತಾ ಬಂದ ಹಾಗೆ ಚಪ್ಪಟೆ ಹಲಗೆಗಳು ಎದ್ದು ನಿಂತು ದೋಣಿಯಾಗುವುದು ಒಂದೇ ಮಧ್ಯಾಹ್ನದಲ್ಲಿ. ಇಡೀ ಕೆಲಸದಲ್ಲಿ ಮಕ್ಕಳನ್ನು ಪಕ್ಕಕ್ಕೆ ಕರೆದು ನಿಲ್ಲಿಸಬೇಕಾದ ಹೊತ್ತು ಅದು. ಆಮೇಲಿನದೆಲ್ಲ ನಿಧಾನದ ಕೆಲಸ. ಎಪಾಕ್ಸಿ ಅಂಟಿಗೆ ಗರಗಸದ ನುಣ್ಣನೆಯ ಹುಡಿ ಕಲಸಿ ದೋಸೆ ಹಿಟ್ಟಿಗಿಂತ ಗಟ್ಟಿ ಮಾಡಿಕೊಂಡು ಒಳಸಂದಿಗೆ ಮೆತ್ತಬೇಕು, ಮೇಲೆ ಫೈಬರ್ ಗ್ಲಾಸ್ ಪಟ್ಟಿ. ಒಣಗಿದ ಮೇಲೆ ತಂತಿ ಕಿತ್ತು ಹೊರಗಿನಿಂದಲೂ ಪಟ್ಟಿ. ಎಪಾಕ್ಸಿಯನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ. ಬೇಗ ಒಣಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಗಟ್ಟಿಯಾಗುವುದೇ ಇಲ್ಲ. ಒಂದೇ ಸಲ ದೊಡ್ಡ ಪಾತ್ರೆಯಲ್ಲಿ ಕಲಸಿದರೆ ಬಿಸಿಯಾಗಿ ಹೊಗೆ ಬಿಡುತ್ತದೆ. ಕೈಗೆ ಗ್ಲೌಸ್ ಬೇಕೇ ಬೇಕು. ಪ್ಲೈವುಡ್ಡಿನ ಕತ್ತರಿಸಿದ ಅಂಚು ನೀರು ಕುಡಿಯುವ ಬಾಯಿ, ಅಲ್ಲಿಗೆ ಎರಡು ಸಲ ಬಳಿಯಿರಿ. ಮಳೆಗಾಲದ ತೇವದಲ್ಲಿ ಈ ಕೆಲಸ ಸರಿಬರುವುದಿಲ್ಲ. ದೀಪಾವಳಿ ಕಳೆದ ಮೇಲೆ ಹಿಡಿದರೆ, ಭಾನುವಾರ ಮಾತ್ರ ಮಾಡಿದರೂ, ಶಿವರಾತ್ರಿ ಹೊತ್ತಿಗೆ ಬಣ್ಣದವರೆಗೆ ಬರಬಹುದು. ಖರ್ಚು ಒಂದು ಸಾಧಾರಣ ಫೋನಿನ ಬೆಲೆಯ ಆಸುಪಾಸು.

ನಿಮ್ಮ ಊರಿನ ಬಡಗಿ ಇದನ್ನೆಲ್ಲ ನೋಡಿ "ಇದೆಂತ ದೋಣಿಯಾ ತಮಾ, ಕಪಾಟಿನ ಹಾಗೆ ಉಂಟು" ಅನ್ನಬಹುದು. ಅನ್ನಲಿ. ಆ ಮಾತಿನಿಂದಲೇ ಅವರ ಪಾಠ ಶುರುವಾಗುವುದು. ಯಾಕೆ ತಳ ಸ್ವಲ್ಪ ಬಾಗಿರಬೇಕು, ಮೂತಿ ಎಷ್ಟು ಎತ್ತಿರಬೇಕು, ನಮ್ಮ ಹೊಳೆಯ ಅಲೆಗೆ ಯಾವುದು ನಿಲ್ಲುತ್ತದೆ, ಇದು ಯಾವ ನಕ್ಷೆಯಲ್ಲೂ ಇಲ್ಲ. ಎರಡನೆಯ ದೋಣಿ ಅವರು ಹೇಳಿದ ಹಾಗೆ ಕಟ್ಟಿ, ಹೆಬ್ಬಲಸಿನ ಹಲಗೆಯಲ್ಲಿ, ನಾರಿನ ಹುರಿಯಲ್ಲಿ.

ಇನ್ನು ಭಯದ ಮಾತು. ಇದನ್ನು ಓದಿ ಒಬ್ಬನೇ ಒಬ್ಬ ಹುಡುಗ ನೀರುಪಾಲಾದರೂ ಈ ಬರಹ ಬರೆಯದಿದ್ದರೇ ಒಳ್ಳೆಯದಿತ್ತು. ಆದ್ದರಿಂದ ಈಜು ಬಾರದವರು ಹಲಗೆ ಕೊಳ್ಳುವ ಮುಂಚೆ ಈಜು ಕಲಿಯಬೇಕು. ಈಜು ಬಂದರೂ ಲೈಫ್ ಜಾಕೆಟ್ ಹಾಕಬೇಕು, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ದೋಣಿ ಮಗುಚಿದರೂ ಮುಳುಗದಂತೆ ಒಳಗೆ ಗಾಳಿ ಇರಬೇಕು. ಮಕ್ಕಳ ಆಪ್ಟಿಮಿಸ್ಟ್ ದೋಣಿಯಲ್ಲೇ ಮೂರು ಗಾಳಿಚೀಲ ಇರುತ್ತದೆ. ನಮಗೆ ಬಿರಡೆ ಬಿಗಿಯಾಗಿರುವ ಇಪ್ಪತ್ತು ಲೀಟರಿನ ಖಾಲಿ ಕ್ಯಾನುಗಳು ಸಾಕು. ನೀರೊಳಗೆ ಒಂದೊಂದೂ ಇಪ್ಪತ್ತು ಕೆ.ಜಿ.ಯಷ್ಟು ಎತ್ತಿಹಿಡಿಯುತ್ತದೆ. ಮೂರ್ನಾಲ್ಕನ್ನು ಕೂರುವ ಹಲಗೆಯಡಿ, ಮೂತಿಯಲ್ಲಿ, ಬಿಚ್ಚಿಹೋಗದ ಹಾಗೆ ಕಟ್ಟಿ. ದೋಣಿ ಮಗುಚಿದರೆ ಅದನ್ನು ಬಿಟ್ಟು ದಡಕ್ಕೆ ಈಜಬಾರದು, ಹಿಡಿದುಕೊಂಡು ಇರಬೇಕು.

ಅಳಿವೆಯ ಪಕ್ಕದವರು ಭರತ–ಇಳಿತ ತಿಳಿಯದೆ ಇಳಿಯಲೇಬಾರದು. ದಿನಕ್ಕೆ ಎರಡು ಭರತ, ಎರಡು ಇಳಿತ; ಮರುದಿನ ಅದೇ ಭರತ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಇಳಿತದ ಹೊತ್ತು ಅಳಿವೆಬಾಯಿಯ ಸೆಳೆತ ಸಮುದ್ರಕ್ಕೆ ಎಳೆದುಕೊಂಡು ಹೋಗುತ್ತದೆ. ಹೋಗುವಾಗ ನೀರಿಗೆ ಎದುರಾಗಿ ಹೋಗಿ. ಸುಸ್ತಾಗಿ ವಾಪಸ್ಸು ಬರುವಾಗ ನೀರೇ ಮನೆಗೆ ತರುತ್ತದೆ. ಮಳೆಗಾಲದ ಕೆಂಪು ನೀರಿಗೆ ಯಾರೂ ಇಳಿಯುವುದು ಬೇಡ. ಹಿನ್ನೀರು ಅಭಯಾರಣ್ಯದೊಳಗೆ ಸೇರುವ ಕಡೆ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. 1917ರ ಹಳೆಯ ಒಳನಾಡು ಜಲಸಾರಿಗೆ ಕಾಯ್ದೆ ಹೋಗಿ 2021ರಲ್ಲಿ ಹೊಸದು ಬಂದಿದೆ, ಅದರಲ್ಲಿ ಇಂಜಿನ್ ಇಲ್ಲದ ದೋಣಿಗಳ ಮಾತೂ ಇದೆ; ನೀರಿಗೆ ಇಳಿಸುವ ಮುಂಚೆ ಪಂಚಾಯತಿಯಲ್ಲಿ ಒಂದು ಅರ್ಜಿ ಕೊಟ್ಟು ಕೇಳಿ, ಕಾಗದ ಇದ್ದರೆ ಒಳ್ಳೆಯದೇ. ದುಡ್ಡು ತೆಗೆದುಕೊಂಡು ಜನರನ್ನು ಕೂರಿಸಬೇಡಿ. ಆ ದಿನ ಅದು ಹವ್ಯಾಸ ಅಲ್ಲ, ಬೇರೆಯವರ ಜೀವದ ಜವಾಬ್ದಾರಿ.

ಇದೆಲ್ಲ ಓದಿ ನನಗೆ ಅಂಗಳವೂ ಇಲ್ಲ, ಪುರುಸೊತ್ತೂ ಇಲ್ಲ ಅನ್ನುವವರಿಗೂ ಒಂದು ಕೆಲಸ ಇದೆ. ನಿಮ್ಮ ಹೊಳೆದಂಡೆಯಲ್ಲಿ, ಯಾರದ್ದೋ ತೆಂಗಿನ ಮರದ ಬುಡದಲ್ಲಿ, ಒಂದು ಹಳೆಯ ಮರದ ದೋಣಿ ಕವುಚಿ ಬಿದ್ದಿರಬಹುದು. ಈ ಮಳೆಗಾಲ ಮುಗಿಯುವುದರೊಳಗೆ ಅದು ಬಚ್ಚಲ ಒಲೆಗೆ ಹೋಗುತ್ತದೆ. ಅದಕ್ಕೆ ಮುಂಚೆ ದೋಣಿಯವರ ಮನೆಗೆ ಹೋಗಿ ಕೇಳಿಕೊಂಡು, ಟೇಪು ಹಿಡಿದು ಅಳೆಯಿರಿ. ಒಟ್ಟು ಉದ್ದ ಎಷ್ಟು. ಮೂತಿಯಿಂದ ಪ್ರತಿ ಒಂದಡಿಗೆ ಅಗಲ ಎಷ್ಟು, ಆಳ ಎಷ್ಟು. ಹಲಗೆಯ ದಪ್ಪ, ಹೊಲಿಗೆಯ ತೂತಿನಿಂದ ತೂತಿಗೆ ಇರುವ ಅಂತರ. ಯಾವ ಮರ, ಯಾರು ಕಟ್ಟಿದ್ದು, ಯಾವ ವರ್ಷ, ಯಾವ ಎಣ್ಣೆ ಬಳಿಯುತ್ತಿದ್ದರು. ನಾಲ್ಕೂ ಕಡೆಯಿಂದ, ಒಳಗಿನಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು. ಅರ್ಧ ಗಂಟೆಯ ಕೆಲಸ. ಮನೆಯ ಅಜ್ಜ ಜಗಲಿಯಲ್ಲಿ ಕೂತಿದ್ದರೆ ಅರ್ಧ ದಿನ ಹಿಡಿಯುತ್ತದೆ, ಫೋನಿನ ಚಾರ್ಜು ಪೂರ್ತಿ ಮಾಡಿಕೊಂಡು ಹೋಗಿ.